ಸಣ್ಣ ಗಾಯ, ದೊಡ್ಡ ಶಸ್ತ್ರಚಿಕಿತ್ಸೆ: ಕರುಳಿನ ಕ್ಯಾನ್ಸರ್ ತೆಗೆದಾಗ ದೇಹದೊಳಗೆ ನಡೆಯುವುದೇನು?

ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಲ್ಯಾಪರೊಸ್ಕೋಪಿ ವಿಧಾನದಲ್ಲಿ, ಅಂದರೆ ಪುಟ್ಟ ರಂಧ್ರಗಳ ಮೂಲಕ ಕ್ಯಾಮೆರಾ ಮತ್ತು ಸಲಕರಣೆಗಳನ್ನು ಒಳಗೆ ತೂರಿಸಿ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಹೊಟ್ಟೆಯ ಮೇಲೆ ಮರುದಿನ ಕಾಣುವುದು ನಾಲ್ಕೈದು ಪುಟ್ಟ ಪಟ್ಟಿಗಳು ಮಾತ್ರ. ಅವುಗಳಲ್ಲಿ ಹೆಚ್ಚಿನವುಗಳ ಅಡಿಯಲ್ಲಿರುವುದು 5ರಿಂದ 12 ಮಿಲಿಮೀಟರಿನ ಗಾಯ. ಕತ್ತರಿಸಿದ ಕರುಳನ್ನು ಹೊರಗೆ ತೆಗೆಯುವುದಕ್ಕೆಂದು ಮಾಡಿದ ಒಂದು ಗಾಯವಷ್ಟೇ ಕೆಲವು ಸೆಂಟಿಮೀಟರ್ ಉದ್ದವಿರುತ್ತದೆ. ನೋಡಲು ಬಂದವರಿಗೆ 'ಇಷ್ಟೇನಾ?' ಎನಿಸುತ್ತದೆ. ರೋಗಿಗೂ ಹಾಗೆಯೇ ಅನಿಸಿ, ಗಾಯ ಇಷ್ಟು ಚಿಕ್ಕದಿರುವಾಗ ತನಗೇಕೆ ಇಷ್ಟೊಂದು ಸುಸ್ತು, ಹಸಿವು ಎಲ್ಲಿ ಹೋಯಿತು, ಸಕ್ಕರೆ ಕಾಯಿಲೆ ಇಲ್ಲದಿದ್ದರೂ ರಕ್ತದ ಸಕ್ಕರೆ ಏಕೆ ಏರಿದೆ ಎಂಬ ಪ್ರಶ್ನೆಗಳು ಹುಟ್ಟುತ್ತವೆ.

ಒಳಗೆ ನಡೆದಿರುವುದು ಚಿಕ್ಕ ಕೆಲಸವಲ್ಲ. ಗಡ್ಡೆಯಿರುವ ಕರುಳಿನ ಭಾಗವನ್ನು ಎರಡೂ ಕಡೆ ಸಾಕಷ್ಟು ಅಂತರ ಬಿಟ್ಟು ಕತ್ತರಿಸಿ, ಅದಕ್ಕೆ ರಕ್ತ ಒದಗಿಸುವ ನಾಳವನ್ನು ಬುಡದಲ್ಲಿಯೇ ಕಟ್ಟಿ, ಆ ನಾಳದ ಗುಂಟ ಇರುವ ದುಗ್ಧಗ್ರಂಥಿಗಳನ್ನು ಸಮೇತ ತೆಗೆದು, ಉಳಿದ ಎರಡು ತುದಿಗಳನ್ನು ಮತ್ತೆ ಜೋಡಿಸಲಾಗಿದೆ. ರೋಗದ ಹಂತವನ್ನು ಸರಿಯಾಗಿ ತಿಳಿಯಲು ಕನಿಷ್ಠ 12 ದುಗ್ಧಗ್ರಂಥಿಗಳನ್ನಾದರೂ ಪರೀಕ್ಷಿಸಬೇಕು ಎಂಬುದು ಒಪ್ಪಿತ ಮಾನದಂಡವಾದ್ದರಿಂದ, ಹೊಟ್ಟೆಯನ್ನು ತೆರೆದು ಮಾಡಿದರೂ ರಂಧ್ರಗಳ ಮೂಲಕ ಮಾಡಿದರೂ ಒಳಗಿನ ಈ ಕೆಲಸದಲ್ಲಿ ರಿಯಾಯಿತಿ ಇಲ್ಲ. ಬದಲಾಗುವುದು ಒಳಗೆ ಹೋಗುವ ದಾರಿ. ದೇಹವಾದರೋ ದಾರಿಯಲ್ಲಿ ಆದ ಗಾಯವನ್ನೂ ಒಳಗಿನ ಗಾಯವನ್ನೂ ಸೇರಿಸಿಯೇ ಲೆಕ್ಕ ಹಾಕುತ್ತದೆ. ಹಾಗೆ ಲೆಕ್ಕ ಹಾಕಿ ಅದು ತೋರುವ ಪ್ರತಿಕ್ರಿಯೆಗೆ ವೈದ್ಯಶಾಸ್ತ್ರದಲ್ಲಿ ಶಸ್ತ್ರಚಿಕಿತ್ಸೆಯ ಒತ್ತಡ-ಪ್ರತಿಕ್ರಿಯೆ ಎಂದು ಹೆಸರು. ಒತ್ತಡ ಎಂಬ ಮಾತು ಕನ್ನಡದಲ್ಲಿ ಮನಸ್ಸಿನ ಕಳವಳಕ್ಕೂ ಬಳಕೆಯಾಗುವುದರಿಂದ ಇಲ್ಲಿ ಸ್ವಲ್ಪ ದಾರಿ ತಪ್ಪಿಸಬಹುದು. ನಾವು ಮಾತನಾಡುತ್ತಿರುವುದು ಚಿಂತೆಯ ಬಗ್ಗೆ ಅಲ್ಲ. ಪೂರ್ಣ ಅರಿವಳಿಕೆಯಲ್ಲಿ, ಏನೂ ಗೊತ್ತಿಲ್ಲದೆ ಮಲಗಿರುವ ದೇಹದಲ್ಲಿಯೂ ಇದು ನಡೆಯುತ್ತದೆ.

ಗಾಯಗೊಂಡ ದೇಹ ತನ್ನನ್ನೇ ಕರಗಿಸಿಕೊಳ್ಳುತ್ತದೆ ಎಂಬುದನ್ನು ಮೊದಲಿಗೆ ಅಳತೆ ಮಾಡಿ ತೋರಿಸಿದವರಲ್ಲಿ ಪ್ರಮುಖರು ಗ್ಲಾಸ್ಗೋದ ಡೇವಿಡ್ ಕತ್ಬರ್ಟ್‌ಸನ್. 1930ರ ಸುಮಾರಿಗೆ ಅವರು ಕಾಲಿನ ಮೂಳೆ ಮುರಿದವರ ಮೂತ್ರವನ್ನು ಪರೀಕ್ಷಿಸುತ್ತಿದ್ದಾಗ, ಪೆಟ್ಟು ಬಿದ್ದ ಜಾಗದ ಅಂಗಾಂಶವಷ್ಟೇ ನಾಶವಾದರೆ ಹೋಗಬಹುದಾದುದಕ್ಕಿಂತ ಬಹಳ ಹೆಚ್ಚು ಸಾರಜನಕ ಹೊರಹೋಗುತ್ತಿರುವುದು ಕಂಡುಬಂತು. ಸಾರಜನಕ ಹೋಗುತ್ತಿದೆ ಎಂದರೆ ಪ್ರೋಟೀನ್ ಕರಗುತ್ತಿದೆ ಎಂದರ್ಥ. ಮುರಿದದ್ದು ಒಂದು ಕಾಲಾದರೂ ಕರಗುತ್ತಿದ್ದುದು ಇಡೀ ದೇಹದ ಸ್ನಾಯು. ಮುಂದೆ 1942ರಲ್ಲಿ ಅವರು ಈ ಪ್ರತಿಕ್ರಿಯೆಯನ್ನು ಎರಡು ಘಟ್ಟಗಳಾಗಿ ವಿವರಿಸಿದರು. ಪೆಟ್ಟಾದ ಕೂಡಲೇ ದೇಹದ ವ್ಯವಹಾರವೆಲ್ಲ ಕುಗ್ಗುವ ಇಳಿತದ ಘಟ್ಟ ಮೊದಲನೆಯದು. ಅದರ ಬೆನ್ನಿಗೇ, ಶಕ್ತಿಯ ಬಳಕೆ ಏರಿ, ಸ್ನಾಯು ಮತ್ತು ಕೊಬ್ಬು ಕರಗಿ, ದುರಸ್ತಿಯ ಕೆಲಸ ಭರದಿಂದ ನಡೆಯುವ ಉಬ್ಬರದ ಘಟ್ಟ ಬರುತ್ತದೆ.

ಕಾಡಿನಲ್ಲಿ ಗಾಯಗೊಂಡ ಪ್ರಾಣಿಯನ್ನು ನೆನೆದರೆ ಇದರ ಅರ್ಥ ತಿಳಿಯುತ್ತದೆ. ಅದಕ್ಕೆ ಬೇಟೆಯಾಡಲು ಆಗದು, ನೀರಿನ ಬಳಿಗೆ ಹೋಗಲು ಆಗದು. ಮರೆಯಲ್ಲಿ ಬಿದ್ದುಕೊಂಡು, ಇರುವ ನೀರನ್ನೂ ಉಪ್ಪನ್ನೂ ಹಿಡಿದಿಟ್ಟುಕೊಂಡು, ಸ್ವಂತ ಸ್ನಾಯುವನ್ನೇ ಇಂಧನವಾಗಿಯೂ ದುರಸ್ತಿಯ ಸಾಮಗ್ರಿಯಾಗಿಯೂ ಬಳಸಿಕೊಂಡು ಬದುಕಬೇಕು. ಅಂಥ ಪ್ರಾಣಿಗೆ ಇದು ಜೀವ ಉಳಿಸುವ ಏರ್ಪಾಡು. ರಕ್ತನಾಳಕ್ಕೆ ದ್ರವ ಕೊಟ್ಟು, ಗಾಯಕ್ಕೆ ಹೊಲಿಗೆ ಹಾಕಿ, ಹೊತ್ತಿಗೆ ಸರಿಯಾಗಿ ಆಹಾರ ಕೊಡುವ ಆಸ್ಪತ್ರೆಯಲ್ಲಿ ಅದೇ ಏರ್ಪಾಡು, ವಿಶೇಷವಾಗಿ ವಯಸ್ಸಾದವರಿಗೆ ಮತ್ತು ಕ್ಯಾನ್ಸರ್‌ನಿಂದ ಮೊದಲೇ ಸೊರಗಿದವರಿಗೆ, ಉಪಕಾರಕ್ಕಿಂತ ಹೊರೆಯೇ ಆಗಬಹುದು.

ಗಾಯದ ಸುದ್ದಿ ದೇಹಕ್ಕೆ ಎರಡು ದಾರಿಗಳಲ್ಲಿ ತಲುಪುತ್ತದೆ. ಈ ಎರಡು ದಾರಿಗಳ ವ್ಯತ್ಯಾಸವನ್ನು ಹಿಡಿದುಕೊಂಡರೆ, ಲ್ಯಾಪರೊಸ್ಕೋಪಿಯಿಂದ ಏನು ಲಾಭವಾಗುತ್ತದೆ, ಏನು ಆಗುವುದಿಲ್ಲ ಎಂಬುದು ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಮೊದಲನೆಯದು ನರಗಳ ದಾರಿ. ಚರ್ಮಕ್ಕೆ ಕತ್ತಿ ತಾಗಿದ ಕ್ಷಣದಲ್ಲಿಯೇ ಅಲ್ಲಿಯ ನರಗಳು ಬೆನ್ನುಹುರಿಯ ಮೂಲಕ ಮೆದುಳಿನ ಹೈಪೋಥಾಲಮಸ್‌ಗೆ ಸುದ್ದಿ ಮುಟ್ಟಿಸುತ್ತವೆ. ಅಲ್ಲಿಂದ ಹೊರಟ ಆದೇಶ ಪಿಟ್ಯುಟರಿ ಗ್ರಂಥಿಗೂ, ಅದರ ಹಾರ್ಮೋನಿನ ಮೂಲಕ ಮೂತ್ರಪಿಂಡಗಳ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳಿಗೂ ತಲುಪಿ, ಕಾರ್ಟಿಸಾಲ್ ಸುರಿಯತೊಡಗುತ್ತದೆ. ಸಾಮಾನ್ಯವಾಗಿ ಒಂದು ಲೀಟರ್ ರಕ್ತದಲ್ಲಿ 400 ನ್ಯಾನೊಮೋಲ್‌ನ ಆಸುಪಾಸಿನಲ್ಲಿರುವ ಕಾರ್ಟಿಸಾಲ್, ದೊಡ್ಡ ಶಸ್ತ್ರಚಿಕಿತ್ಸೆಯಾದ ನಾಲ್ಕರಿಂದ ಆರು ತಾಸುಗಳಲ್ಲಿ 1500ನ್ನೂ ದಾಟಬಹುದು. ಜೊತೆಗೆ ಅಡ್ರಿನಾಲಿನ್, ನಾರ್‌ಅಡ್ರಿನಾಲಿನ್‌ಗಳು ಹೃದಯದ ಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುತ್ತವೆ, ಕರುಳಿನ ಚಲನೆಯನ್ನು ತಡೆಯುತ್ತವೆ. ನೀರನ್ನು ಹಿಡಿದಿಡುವ ವ್ಯಾಸೊಪ್ರೆಸ್ಸಿನ್, ಉಪ್ಪನ್ನು ಹಿಡಿದಿಡುವ ಆಲ್ಡೊಸ್ಟಿರೋನ್ ಕೂಡ ಏರುವುದರಿಂದ ಮೊದಲ ದಿನ ಮೂತ್ರ ಕಡಿಮೆಯಾಗುತ್ತದೆ. ಮೂತ್ರ ಕಡಿಮೆಯಾದದ್ದೆಲ್ಲ ನೀರಿನ ಕೊರತೆಯಿಂದಲೇ ಎಂದು ತಿಳಿದು ಸಲೈನ್ ಮೇಲೆ ಸಲೈನ್ ಏರಿಸಿದರೆ ಆ ನೀರು ಕರುಳಿನ ಗೋಡೆಯಲ್ಲಿ ಊತವಾಗಿ ನಿಲ್ಲುತ್ತದೆ; ಹಿಂದೆ ಇದು ಸಾಮಾನ್ಯವಾಗಿದ್ದ ತಪ್ಪು.

ಇವೆಲ್ಲಕ್ಕಿಂತ ದೀರ್ಘ ಪರಿಣಾಮದ್ದು ಇನ್ಸುಲಿನ್‌ಗೆ ದೇಹ ಕಿವುಡಾಗುವುದು. ಕಾರ್ಟಿಸಾಲ್, ಅಡ್ರಿನಾಲಿನ್ ಮತ್ತು ಗ್ಲುಕಗಾನ್‌ಗಳ ಒತ್ತಾಯಕ್ಕೆ ಯಕೃತ್ತು ಗ್ಲೂಕೋಸನ್ನು ತಯಾರಿಸಿ ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಅದನ್ನು ಒಳಗೆ ಕರೆದುಕೊಳ್ಳಬೇಕಾದ ಸ್ನಾಯು ಇನ್ಸುಲಿನ್‌ನ ಮಾತನ್ನು ಕೇಳುವುದಿಲ್ಲ. ಸಕ್ಕರೆ ಕಾಯಿಲೆ ಇಲ್ಲದವರಲ್ಲಿಯೂ ರಕ್ತದ ಸಕ್ಕರೆ ಏರುವುದು ಈ ಕಾರಣದಿಂದ. ಏರಿದ ಸಕ್ಕರೆ ಬಿಳಿ ರಕ್ತಕಣಗಳ ಕೆಲಸವನ್ನು ಮಂಕಾಗಿಸಿ ಸೋಂಕಿಗೆ ಅನುಕೂಲ ಮಾಡಿಕೊಡುತ್ತದೆ. ಇದೇ ಹೊತ್ತಿನಲ್ಲಿ ಸ್ನಾಯುವಿನ ಪ್ರೋಟೀನ್ ಕರಗುವ ವೇಗವೂ ಹೆಚ್ಚುತ್ತದೆ.

ಎರಡನೆಯದು ರಕ್ತದ ದಾರಿ, ಇದಕ್ಕೆ ನರಗಳ ಹಂಗಿಲ್ಲ. ಕತ್ತರಿಸಿದ, ಸುಟ್ಟ, ಎಳೆದಾಡಿದ ಅಂಗಾಂಶದಲ್ಲಿರುವ, ಕಸವನ್ನೂ ರೋಗಾಣುಗಳನ್ನೂ ನುಂಗುವ ಮ್ಯಾಕ್ರೊಫೇಜ್‌ಗಳು ಮತ್ತು ಇತರ ಜೀವಕೋಶಗಳು ಸೈಟೊಕೈನ್‌ಗಳೆಂಬ ಸಂದೇಶವಾಹಕ ಪ್ರೋಟೀನ್‌ಗಳನ್ನು ಸ್ರವಿಸುತ್ತವೆ. ಅವುಗಳ ಪೈಕಿ ಇಲ್ಲಿ ಮುಖ್ಯವಾದುದು ಇಂಟರ್‌ಲ್ಯೂಕಿನ್-6. ಶಸ್ತ್ರಚಿಕಿತ್ಸೆ ಶುರುವಾಗಿ ಅರ್ಧದಿಂದ ಒಂದು ತಾಸಿನೊಳಗೆ ರಕ್ತದಲ್ಲಿ ಏರತೊಡಗಿ, ಮೊದಲ 24 ತಾಸುಗಳೊಳಗೆ ಇದು ಶಿಖರ ಮುಟ್ಟುತ್ತದೆ. ಎಷ್ಟು ಅಂಗಾಂಶಕ್ಕೆ ಪೆಟ್ಟಾಗಿದೆಯೋ ಅಷ್ಟರ ಮಟ್ಟಿಗೆ ಇದು ಏರುತ್ತದೆ ಎಂಬುದೇ ಇದರ ವಿಶೇಷ. ಹಾಗಾಗಿ ಶಸ್ತ್ರಚಿಕಿತ್ಸೆಯ ಪೆಟ್ಟಿಗೆ ಅಳತೆಗೋಲು ಬೇಕೆಂದಾಗ ಸಂಶೋಧಕರು ಹೆಚ್ಚಾಗಿ ಇದನ್ನೇ ಹಿಡಿಯುತ್ತಾರೆ. ಇಂಟರ್‌ಲ್ಯೂಕಿನ್-6 ಯಕೃತ್ತನ್ನು ತಲುಪಿದಾಗ ಅಲ್ಲಿ ಕೆಲಸದ ಪಟ್ಟಿಯೇ ಬದಲಾಗುತ್ತದೆ: ಆಲ್ಬುಮಿನ್ ತಯಾರಿಕೆ ಹಿಂದೆ ಸರಿಯುತ್ತದೆ, ಸಿ-ರಿಯಾಕ್ಟಿವ್ ಪ್ರೋಟೀನ್, ಫೈಬ್ರಿನೊಜನ್ ಮುಂತಾದ ತುರ್ತಿನ ಪ್ರೋಟೀನ್‌ಗಳು ಮುಂದೆ ಬರುತ್ತವೆ. ಆಸ್ಪತ್ರೆಯ ಮಾತಿನಲ್ಲಿ ಸಿ.ಆರ್.ಪಿ. ಎಂದೇ ಪರಿಚಿತವಾದ ಸಿ-ರಿಯಾಕ್ಟಿವ್ ಪ್ರೋಟೀನ್ ರಕ್ತದಲ್ಲಿ ಏರುವುದು 6ರಿಂದ 12 ತಾಸುಗಳ ನಂತರ, ಶಿಖರ ಮುಟ್ಟುವುದು ಎರಡನೆಯ ಅಥವಾ ಮೂರನೆಯ ದಿನ.

ಇನ್ನು ಹೋಲಿಕೆಗೆ ಬರೋಣ. ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆಯ ನಡುವೆ ಉದ್ದದ ಗಾಯ ಮಾಡಿ, ಗೋಡೆಯನ್ನು ಲೋಹದ ಸಾಧನಗಳಿಂದ ಅಗಲಿಸಿ ಹಿಡಿದು, ಕರುಳನ್ನು ಕೈಯಿಂದ ಎತ್ತಿ ಪಕ್ಕಕ್ಕಿಟ್ಟು ಕೆಲಸ ಮಾಡಬೇಕಾಗುತ್ತದೆ. ಅಷ್ಟು ಹೊತ್ತು ಕರುಳು ಗಾಳಿಗೆ ತೆರೆದುಕೊಂಡು ಒಣಗುತ್ತದೆ, ತಣ್ಣಗಾಗುತ್ತದೆ. ಲ್ಯಾಪರೊಸ್ಕೋಪಿಯಲ್ಲಿ ಇವೆಲ್ಲ ಬಹುಮಟ್ಟಿಗೆ ತಪ್ಪುತ್ತವೆ. ಎರಡೂ ವಿಧಾನಗಳ ನಂತರ ರಕ್ತ ಪರೀಕ್ಷಿಸಿದ ಅಧ್ಯಯನಗಳನ್ನು ಒಟ್ಟಾಗಿ ನೋಡಿದರೆ ಇಂಟರ್‌ಲ್ಯೂಕಿನ್-6 ಮತ್ತು ಸಿ.ಆರ್.ಪಿ. ಲ್ಯಾಪರೊಸ್ಕೋಪಿಯ ನಂತರ ಕಡಿಮೆಯಿರುವುದು ಸಾಕಷ್ಟು ಸ್ಥಿರವಾಗಿ ಕಂಡುಬರುತ್ತದೆ. ಕಾರ್ಟಿಸಾಲ್ ಮತ್ತು ಅಡ್ರಿನಾಲಿನ್ ಗುಂಪಿನ ಹಾರ್ಮೋನುಗಳ ಮಟ್ಟಿಗೆ ಈ ಮಾತು ಹೇಳಲಾಗದು. ಹೆಚ್ಚಿನ ಅಧ್ಯಯನಗಳಲ್ಲಿ ಅವುಗಳ ಏರಿಕೆ ಎರಡೂ ವಿಧಾನಗಳಲ್ಲಿ ಹೆಚ್ಚೂಕಡಿಮೆ ಒಂದೇ ತೆರನಾಗಿದೆ. ಅಂದರೆ ಲ್ಯಾಪರೊಸ್ಕೋಪಿ ರಕ್ತದ ದಾರಿಯ ಸುದ್ದಿಯನ್ನು ತಗ್ಗಿಸುತ್ತದೆ, ನರಗಳ ದಾರಿಯ ಸುದ್ದಿಯನ್ನು ಅಷ್ಟಾಗಿ ತಗ್ಗಿಸುವುದಿಲ್ಲ.

ಹೊಟ್ಟೆಯ ಗೋಡೆಯನ್ನು ಉದ್ದಕ್ಕೆ ಕೊಯ್ಯದೆ ಬಿಟ್ಟ ಮೇಲೂ ನರಗಳು ಏಕೆ ಕೂಗುತ್ತವೆ? ಇದಕ್ಕೆ ಉತ್ತರದ ಒಂದು ಭಾಗ ಲ್ಯಾಪರೊಸ್ಕೋಪಿಯ ವಿಧಾನದಲ್ಲಿಯೇ ಇದೆ. ಕ್ಯಾಮೆರಾಗೆ ನೋಡಲು, ಸಲಕರಣೆಗಳಿಗೆ ಆಡಲು ಜಾಗ ಬೇಕಾದ್ದರಿಂದ ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿ, ಸಾಮಾನ್ಯವಾಗಿ 12ರಿಂದ 15 ಮಿಲಿಮೀಟರ್ ಪಾದರಸದ ಒತ್ತಡದಲ್ಲಿ ಅದನ್ನು ಬಲೂನಿನಂತೆ ಉಬ್ಬಿಸಲಾಗುತ್ತದೆ. ಹೊಟ್ಟೆಯ ಒಳಪೊರೆಯಾದ ಪೆರಿಟೋನಿಯಮ್ ಎಲ್ಲ ಕಡೆ ಬಿಗಿದು ಎಳೆಯಲ್ಪಡುತ್ತದೆ, ಹೃದಯಕ್ಕೆ ಮರಳುವ ರಕ್ತಕ್ಕೆ ಅಡ್ಡಿಯಾಗುತ್ತದೆ, ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪರದೆಯಾದ ವಪೆ ಮೇಲಕ್ಕೆ ತಳ್ಳಲ್ಪಡುತ್ತದೆ. ಅನಿಲದ ಒಂದು ಪಾಲು ರಕ್ತದಲ್ಲಿ ಸೇರುವುದರಿಂದ, ಅರಿವಳಿಕೆ ತಜ್ಞರು ಉಸಿರಾಟದ ವೇಗವನ್ನು ಹೊಂದಿಸದೆ ಹೋದರೆ ರಕ್ತ ಆಮ್ಲೀಯವಾಗಿ ಅಡ್ರಿನಾಲಿನ್ ಇನ್ನಷ್ಟು ಏರುತ್ತದೆ. ಹೊಟ್ಟೆ ಉಬ್ಬಿಸಿದ ಕೂಡಲೇ ವ್ಯಾಸೊಪ್ರೆಸ್ಸಿನ್ ಜಿಗಿಯುವುದು ಚೆನ್ನಾಗಿ ದಾಖಲಾಗಿರುವ ಸಂಗತಿ. ಇದರ ಮೇಲೆ, ಕರುಳಿನ ಕೆಳಭಾಗದ ಶಸ್ತ್ರಚಿಕಿತ್ಸೆಗಳಲ್ಲಿ ರೋಗಿಯನ್ನು ತಲೆ ತಗ್ಗಿಸಿದ ಭಂಗಿಯಲ್ಲಿ ತಾಸುಗಟ್ಟಲೆ ಮಲಗಿಸಿರುತ್ತಾರೆ. ಒಟ್ಟು ಅವಧಿಯೂ ತೆರೆದ ವಿಧಾನಕ್ಕಿಂತ ಸಾಮಾನ್ಯವಾಗಿ ಹೆಚ್ಚು. ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಹೊಟ್ಟೆ ಬಿಟ್ಟು ಭುಜ ನೋಯುತ್ತದೆ ಎಂದು ಕೆಲವರು ಹೇಳುವುದುಂಟು. ಹೇಳಿದವರಿಗೆ ತಾವೇ ನಂಬಲಾಗದ ಈ ದೂರು ಪೂರ್ತಿ ನಿಜ: ವಪೆಗೂ ಭುಜದ ಚರ್ಮಕ್ಕೂ ಬೆನ್ನುಹುರಿಯ ಒಂದೇ ಭಾಗದಿಂದ ನರಗಳು ಹೋಗುವುದರಿಂದ ವಪೆಯ ಕಿರಿಕಿರಿ ಭುಜದ ನೋವಾಗಿ ಕೇಳಿಸುತ್ತದೆ.

ಇದರ ಇನ್ನೊಂದು ಮಗ್ಗುಲನ್ನು ನೋಡಿದರೆ ಎರಡು ದಾರಿಗಳ ಚಿತ್ರ ಇನ್ನೂ ಖಚಿತವಾಗುತ್ತದೆ. ಬೆನ್ನುಹುರಿಯ ಹೊರಪೊರೆಯ ಸುತ್ತ ಔಷಧ ಬಿಟ್ಟು ನರಗಳನ್ನು ಮರಗಟ್ಟಿಸುವ ಎಪಿಡ್ಯೂರಲ್ ವಿಧಾನ, ವಿಶೇಷವಾಗಿ ಹೊಟ್ಟೆಯ ಕೆಳಭಾಗದ ಶಸ್ತ್ರಚಿಕಿತ್ಸೆಗಳಲ್ಲಿ, ಕಾರ್ಟಿಸಾಲ್ ಮತ್ತು ಸಕ್ಕರೆಯ ಏರಿಕೆಯನ್ನು ಗಣನೀಯವಾಗಿ ತಡೆಯುತ್ತದೆ. ಆದರೆ ಇಂಟರ್‌ಲ್ಯೂಕಿನ್-6 ಮೇಲೆ ಅದರ ಪ್ರಭಾವ ಅತ್ಯಲ್ಪ. ಲ್ಯಾಪರೊಸ್ಕೋಪಿ ಮಾಡುವುದನ್ನು ಎಪಿಡ್ಯೂರಲ್ ಮಾಡುವುದಿಲ್ಲ, ಎಪಿಡ್ಯೂರಲ್ ಮಾಡುವುದನ್ನು ಲ್ಯಾಪರೊಸ್ಕೋಪಿ ಮಾಡುವುದಿಲ್ಲ. ಹಾಗಾದರೆ ಎರಡನ್ನೂ ಸೇರಿಸಿದರಾಯಿತಲ್ಲ ಎಂದು ಯಾರಿಗಾದರೂ ತೋರುವುದು ಸಹಜ; ವೈದ್ಯರಿಗೂ ಹಾಗೆಯೇ ತೋರಿತ್ತು. ಆದರೆ ಎಪಿಡ್ಯೂರಲ್‌ನಿಂದ ರಕ್ತದೊತ್ತಡ ಇಳಿಯುವುದು, ಕಾಲು ಮರಗಟ್ಟಿ ರೋಗಿ ಬೇಗ ಎದ್ದು ನಡೆಯಲಾಗದಿರುವುದು ಮುಂತಾದ ತೊಡಕುಗಳಿವೆ. ತೆರೆದ ಶಸ್ತ್ರಚಿಕಿತ್ಸೆಯ ತೀವ್ರ ನೋವಿನ ಮುಂದೆ ಇವನ್ನು ಸಹಿಸಿಕೊಳ್ಳಬಹುದಿತ್ತು. ಲ್ಯಾಪರೊಸ್ಕೋಪಿಯ ನಂತರ ನೋವೇ ಕಡಿಮೆಯಾದ್ದರಿಂದ ಲಾಭ ಕಿರಿದಾಗಿ ತೊಡಕು ಹಾಗೆಯೇ ಉಳಿಯುತ್ತದೆ. ಈಗ ಲ್ಯಾಪರೊಸ್ಕೋಪಿಯ ಜೊತೆಗೆ ಒಂದೇ ಸಲ ಕೊಡುವ ಬೆನ್ನುಹುರಿ ಚುಚ್ಚುಮದ್ದು, ಹೊಟ್ಟೆಯ ಗೋಡೆಯ ನರಗಳನ್ನಷ್ಟೇ ಮರಗಟ್ಟಿಸುವ ಚುಚ್ಚುಮದ್ದು ಇಂಥ ಹಗುರ ಮಾರ್ಗಗಳಿಗೆ ಒಲವು ಹೆಚ್ಚಿರುವುದು ಇದರಿಂದಾಗಿ.

ರಕ್ತದ ದಾರಿಯ ಈ ಪ್ರತಿಕ್ರಿಯೆ, ಅಂದರೆ ಉರಿಯೂತ, ತಗ್ಗಿದ್ದರ ಫಲ ರೋಗಿಗೆ ನೇರವಾಗಿ ಗೊತ್ತಾಗುವುದು ಕರುಳಿನ ಚಲನೆಯಲ್ಲಿ. ಹೊಟ್ಟೆಯ ಶಸ್ತ್ರಚಿಕಿತ್ಸೆಯ ನಂತರ ಕರುಳು ಕೆಲವು ದಿನ ಮುಷ್ಕರ ಹೂಡಿದಂತೆ ನಿಂತುಬಿಡುತ್ತದೆ. ಮೊದಲ ತಾಸುಗಳಲ್ಲಿ ಇದಕ್ಕೆ ಕಾರಣ ನರಗಳ ತಡೆ. ಆಮೇಲೆ, ಕೈಯಲ್ಲಿ ಹಿಡಿದು ಎಳೆದಾಡಿದ ಕರುಳಿನ ಸ್ನಾಯುಪದರದಲ್ಲಿರುವ ಮ್ಯಾಕ್ರೊಫೇಜ್‌ಗಳು ಎಚ್ಚರಗೊಂಡು ಅಲ್ಲಿ ಉರಿಯೂತ ಹುಟ್ಟಿಸುವುದರಿಂದ ಸ್ನಾಯು ಸಂಕುಚಿಸುವುದನ್ನೇ ಮರೆಯುತ್ತದೆ. ನೋವಿಗೆ ಕೊಡುವ ಮಾರ್ಫಿನ್ ಜಾತಿಯ ಔಷಧಗಳು ಅದನ್ನು ಇನ್ನಷ್ಟು ಹಿಡಿದು ನಿಲ್ಲಿಸುತ್ತವೆ. ಕರುಳನ್ನು ಕಡಿಮೆ ಮುಟ್ಟಿದ್ದು, ಮಾರ್ಫಿನ್ ಕಡಿಮೆ ಬೇಕಾದದ್ದು, ಈ ಎರಡೂ ಸೇರಿ ಲ್ಯಾಪರೊಸ್ಕೋಪಿಯ ನಂತರ ಗಾಳಿ ಹೋಗುವುದು, ಊಟ ಸೇರುವುದು ಬೇಗ ಆಗುತ್ತವೆ.

ಕ್ಯಾನ್ಸರ್ ರೋಗಿಯ ಮಟ್ಟಿಗೆ ಮುಖ್ಯವಾದ ಇನ್ನೊಂದು ಪ್ರಶ್ನೆ ರೋಗನಿರೋಧಕ ಶಕ್ತಿಯದು. ಉರಿಯೂತದ ಅಲೆಯ ಬೆನ್ನಿಗೇ ದೇಹ ಅದನ್ನು ಅಡಗಿಸುವ ಎದುರಲೆಯನ್ನೂ ಎಬ್ಬಿಸುತ್ತದೆ. ರಕ್ತದಲ್ಲಿ ಬಿಳಿ ರಕ್ತಕಣಗಳ ಒಂದು ಬಗೆಯಾದ ಲಿಂಫೊಸೈಟ್‌ಗಳು ಕಡಿಮೆಯಾಗುತ್ತವೆ. ಶತ್ರುವಿನ ಗುರುತನ್ನು ಇತರ ಕೋಶಗಳಿಗೆ ತೋರಿಸಲು ಇನ್ನೊಂದು ಬಗೆಯ ಬಿಳಿ ರಕ್ತಕಣಗಳಾದ ಮೊನೊಸೈಟ್‌ಗಳು ಮೈಮೇಲೆ ಹೊತ್ತಿರುವ ಎಚ್‌ಎಲ್‌ಎ-ಡಿಆರ್ ಎಂಬ ಪ್ರೋಟೀನ್ ತಗ್ಗುತ್ತದೆ. ಗಡ್ಡೆಯ ಕೋಶಗಳನ್ನು ಕೊಲ್ಲಬಲ್ಲ ಸಹಜ ಸಂಹಾರಕ ಕೋಶಗಳ ಚುರುಕು ಕೆಲವು ದಿನಗಳ ಕಾಲ ಕುಗ್ಗುತ್ತದೆ. ಶಸ್ತ್ರಚಿಕಿತ್ಸೆಯ ವೇಳೆ ಕೆಲವು ಕ್ಯಾನ್ಸರ್ ಕೋಶಗಳು ರಕ್ತಕ್ಕೆ ಜಾರಬಹುದಾದ ಹೊತ್ತಿನಲ್ಲಿಯೇ ಕಾವಲು ಸಡಿಲವಾದರೆ ರೋಗ ಮರುಕಳಿಸುವ ಸಾಧ್ಯತೆ ಹೆಚ್ಚುವುದಿಲ್ಲವೇ, ಒತ್ತಡ-ಪ್ರತಿಕ್ರಿಯೆ ಕಡಿಮೆಯಿರುವ ಲ್ಯಾಪರೊಸ್ಕೋಪಿಯಿಂದ ಆಯುಷ್ಯವೇ ಹೆಚ್ಚಬೇಕಲ್ಲವೇ ಎಂಬ ತರ್ಕ ಬಹಳ ಆಕರ್ಷಕವಾದದ್ದು. 2002ರಲ್ಲಿ ಬಾರ್ಸಿಲೋನಾದಿಂದ ಪ್ರಕಟವಾದ, 219 ರೋಗಿಗಳ ಅಧ್ಯಯನವೊಂದು ಈ ತರ್ಕಕ್ಕೆ ಬೆಂಬಲ ಕೊಟ್ಟಿತು. ಆದರೆ ಅಮೆರಿಕ ಮತ್ತು ಕೆನಡಾಗಳಲ್ಲಿ 872 ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಕಾಸ್ಟ್ ಅಧ್ಯಯನ, ಬ್ರಿಟನ್ನಿನ ಕ್ಲಾಸಿಕ್, ಯುರೋಪಿನ ಕಲರ್ ಅಧ್ಯಯನಗಳಂಥ ದೊಡ್ಡ ಪರೀಕ್ಷೆಗಳಲ್ಲಿ ಎರಡೂ ಗುಂಪಿನವರ ಬದುಕುಳಿಯುವ ಪ್ರಮಾಣ ಹೆಚ್ಚು ವ್ಯತ್ಯಾಸವಿಲ್ಲದೆ ಒಂದೇ ಸಮನಾಗಿತ್ತು. ಲ್ಯಾಪರೊಸ್ಕೋಪಿ ಸುರಕ್ಷಿತ ಎಂಬುದು ಇದರಿಂದ ಗಟ್ಟಿಯಾಯಿತು. ಅದು ಕ್ಯಾನ್ಸರನ್ನು ಹೆಚ್ಚು ಚೆನ್ನಾಗಿ ಗುಣಪಡಿಸುತ್ತದೆ ಎಂಬ ಮಾತು ಗಟ್ಟಿಯಾಗಲಿಲ್ಲ. ಪ್ರಯೋಗಶಾಲೆಯ ಅಂಕಿಯಲ್ಲಿ ಕಂಡ ಲಾಭ ಆಯುಷ್ಯದ ಲೆಕ್ಕಕ್ಕೆ ಇಳಿದುಬರಲೇಬೇಕೆಂದಿಲ್ಲ. ಜಾಹೀರಾತಿನ ಧಾಟಿಯಲ್ಲಿ ಇದನ್ನು ಮರೆತು ಬರೆಯುವವರು ಇಂದಿಗೂ ಇದ್ದಾರೆ.

ಒತ್ತಡ-ಪ್ರತಿಕ್ರಿಯೆಯನ್ನು ತಗ್ಗಿಸಲು ಒಂದೇ ಆಯುಧ ಸಾಲದು, ಹಲವು ಸಣ್ಣ ಕ್ರಮಗಳನ್ನು ಒಟ್ಟಿಗೆ ಹೂಡಬೇಕು ಎಂಬ ವಿಚಾರವನ್ನು 1990ರ ದಶಕದಲ್ಲಿ ಡೆನ್ಮಾರ್ಕಿನ ಶಸ್ತ್ರವೈದ್ಯ ಹೆನ್ರಿಕ್ ಕೆಹ್ಲೆಟ್ ಬಲವಾಗಿ ಮಂಡಿಸಿದರು. ತ್ವರಿತ ಚೇತರಿಕೆಯ ಕ್ರಮ ಎಂದು ಇಂದು ಹೆಸರಾಗಿರುವುದು ಇದೇ. ಅದರ ಒಂದೊಂದು ಅಂಶವೂ ಮೇಲೆ ಹೇಳಿದ ಯಾವುದಾದರೊಂದು ಕೊಂಡಿಯನ್ನು ಸಡಿಲಿಸಲೆಂದೇ ಇರುವಂಥದ್ದು. ಹಿಂದಿನ ರಾತ್ರಿಯಿಂದ ಉಪವಾಸ ಇರಿಸುವ ಬದಲು, ಅಡ್ಡಿಯಿಲ್ಲದವರಿಗೆ ಅರಿವಳಿಕೆಗೆ ಎರಡು ತಾಸು ಮುಂಚಿನವರೆಗೂ ತಿಳಿಯಾದ ಪಾನೀಯವನ್ನು, ಹಲವೆಡೆ ಪಿಷ್ಟ-ಸಕ್ಕರೆ ಬೆರೆಸಿದ್ದನ್ನು, ಕೊಡುತ್ತಾರೆ. ದೇಹ ಉಪವಾಸದ ಸ್ಥಿತಿಯಲ್ಲಿಲ್ಲದೆ ಉಂಡ ಸ್ಥಿತಿಯಲ್ಲಿ ಗಾಯವನ್ನು ಎದುರಿಸಿದರೆ ಇನ್ಸುಲಿನ್‌ಗೆ ಅದು ಅಷ್ಟಾಗಿ ಕಿವುಡಾಗುವುದಿಲ್ಲ. ಮೈ ತಣ್ಣಗಾದರೆ ಅಡ್ರಿನಾಲಿನ್ ಏರುವುದರಿಂದ ಶಸ್ತ್ರಚಿಕಿತ್ಸೆಯುದ್ದಕ್ಕೂ ಬೆಚ್ಚಗಿಡುತ್ತಾರೆ. ಅರಿವಳಿಕೆಯ ಆರಂಭದಲ್ಲಿ ಒಂದೇ ಸಲ ಕೊಡುವ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಔಷಧ ವಾಂತಿಯನ್ನು ಕಡಿಮೆ ಮಾಡುವುದಲ್ಲದೆ ಉರಿಯೂತವನ್ನೂ ತುಸು ತಣಿಸುತ್ತದೆ. ದ್ರವವನ್ನು ಅಳೆದು ಕೊಡುವುದು, ಮೂಗಿನ ನಳಿಕೆಯನ್ನು ಇಟ್ಟುಕೊಳ್ಳದಿರುವುದು, ಅಂದೇ ಸಂಜೆ ಗುಟುಕು ನೀರು ಕೊಟ್ಟು ಮರುದಿನ ಎಬ್ಬಿಸಿ ನಡೆಸುವುದು ಇತ್ಯಾದಿಗಳನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ.

ಈ ಕ್ರಮಕ್ಕೂ ಲ್ಯಾಪರೊಸ್ಕೋಪಿಗೂ ಸೇರಬೇಕಾದ ಪಾಲನ್ನು ಬೇರ್ಪಡಿಸಲು ನೆದರ್ಲೆಂಡ್ಸಿನ ಒಂಬತ್ತು ಆಸ್ಪತ್ರೆಗಳಲ್ಲಿ 400 ರೋಗಿಗಳನ್ನು ನಾಲ್ಕು ಗುಂಪು ಮಾಡಿ ನಡೆಸಿದ ಲಾಫಾ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಲ್ಯಾಪರೊಸ್ಕೋಪಿ ಮತ್ತು ತ್ವರಿತ ಚೇತರಿಕೆಯ ಕ್ರಮ ಎರಡೂ ದೊರೆತವರು ಆಸ್ಪತ್ರೆಯಲ್ಲಿ ಕಳೆದ ದಿನಗಳ ಮಧ್ಯಾಂಕ 5. ತೆರೆದ ಶಸ್ತ್ರಚಿಕಿತ್ಸೆ ಮತ್ತು ಹಳೆಯ ಆರೈಕೆ ದೊರೆತವರದು 7. ಅದೇ ಅಧ್ಯಯನದ ಅಂಗವಾಗಿ ಕೆಲವರ ರಕ್ತ ಪರೀಕ್ಷಿಸಿದಾಗ ಮೊನೊಸೈಟ್‌ಗಳ ಎಚ್‌ಎಲ್‌ಎ-ಡಿಆರ್ ಅತಿ ಹೆಚ್ಚು ಉಳಿದುಕೊಂಡದ್ದು ಎರಡೂ ದೊರೆತ ಗುಂಪಿನಲ್ಲಿಯೇ.

ಒತ್ತಡ-ಪ್ರತಿಕ್ರಿಯೆಯ ಅರಿವು ಹಾಸಿಗೆಯ ಪಕ್ಕದಲ್ಲಿ ದಿನನಿತ್ಯ ಕೆಲಸಕ್ಕೆ ಬರುವುದು ಸಿ.ಆರ್.ಪಿ.ಯನ್ನು ಓದುವಾಗ. ಕರುಳಿನ ಜೋಡಣೆ ಸೋರುವುದು ಈ ಶಸ್ತ್ರಚಿಕಿತ್ಸೆಯ ಅತ್ಯಂತ ಭಯಂಕರ ತೊಡಕು. ಅದರ ಲಕ್ಷಣಗಳು ಸ್ಪಷ್ಟವಾಗುವ ಮೊದಲೇ ಸಿ.ಆರ್.ಪಿ. ಸುಳಿವು ಕೊಡುತ್ತದೆ. ಎಲ್ಲ ಸರಿಯಿದ್ದರೆ ಎರಡನೆಯ ಅಥವಾ ಮೂರನೆಯ ದಿನ ಶಿಖರ ಮುಟ್ಟಿದ ಅಂಕಿ ನಂತರ ಇಳಿಯಬೇಕು, ಏಕೆಂದರೆ ರಕ್ತದಲ್ಲಿ ಅದರ ಅರ್ಧಾಯುಷ್ಯ, ಅಂದರೆ ಇದ್ದದ್ದು ಅರ್ಧಕ್ಕೆ ಇಳಿಯಲು ಬೇಕಾದ ಕಾಲ, ಸುಮಾರು 19 ತಾಸುಗಳಷ್ಟೇ. ಮೂರನೆಯ, ನಾಲ್ಕನೆಯ ದಿನವೂ ಲೀಟರಿಗೆ 150 ಮಿಲಿಗ್ರಾಂ ಮೀರಿ ನಿಂತಿದ್ದರೆ ವೈದ್ಯರು ಕಾರಣ ಹುಡುಕುತ್ತಾರೆ, ಹಲವೊಮ್ಮೆ ಸಿ.ಟಿ. ಸ್ಕ್ಯಾನ್ ಮಾಡಿಸುತ್ತಾರೆ. ಅದು ಈ ಮಿತಿಗಿಂತ ಕೆಳಗಿಳಿದಿದ್ದರೆ ಸೋರಿಕೆಯ ಸಾಧ್ಯತೆ ಕಡಿಮೆ ಎಂಬ ಧೈರ್ಯ ಸಿಗುತ್ತದೆ. ಲ್ಯಾಪರೊಸ್ಕೋಪಿಯ ನಂತರ ಸಿ.ಆರ್.ಪಿ.ಯ ಗೆರೆ ಮೊದಲಿನಿಂದಲೂ ತಗ್ಗಿನಲ್ಲಿಯೇ ಸಾಗುವುದರಿಂದ, ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಸಹಜವೆನಿಸಬಹುದಾದ ಅಂಕಿಯೂ ಇಲ್ಲಿ ಅನುಮಾನಕ್ಕೆ ಎಡೆಮಾಡಬಹುದು.

ಮನೆಗೆ ಹೊರಡುವ ದಿನ ಎಲ್ಲವೂ ತಣ್ಣಗಾಗಿರುವುದಿಲ್ಲ. ಇಂಟರ್‌ಲ್ಯೂಕಿನ್-6 ಕೆಲವೇ ದಿನಗಳಲ್ಲಿ ಕೆಳಗಿಳಿದಿರುತ್ತದೆ, ಕಾರ್ಟಿಸಾಲ್ ಕೂಡ. ಆದರೆ ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ಇನ್ಸುಲಿನ್‌ಗೆ ಆದ ಕಿವುಡು, ತೊಡಕುಗಳೇನೂ ಇಲ್ಲದಿದ್ದರೂ, ಎರಡು ಮೂರು ವಾರಗಳವರೆಗೆ ಉಳಿಯಬಲ್ಲದು. ಕರಗಿದ ಸ್ನಾಯು ಮತ್ತೆ ಕಟ್ಟಿಕೊಳ್ಳಲು ಪ್ರೋಟೀನಿನ ಊಟವೂ ನಡಿಗೆಯೂ ಸೇರಿ ಇನ್ನೂ ಹೆಚ್ಚು ಕಾಲ ಬೇಕು. ಪಟ್ಟಿ ತೆಗೆದು, ಹೊಲಿಗೆಯ ಗುರುತೂ ಮಾಸುತ್ತಿರುವಾಗ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು, ಮಧ್ಯಾಹ್ನ ಮಲಗದೆ ಇರಲಾಗದಿರುವುದು ಈ ಬಾಕಿಯಿಂದಾಗಿ. ಆದರೆ ಇಂಥ ಸುಸ್ತು ದಿನದಿನಕ್ಕೆ ಇಳಿಮುಖವಾಗಿರಬೇಕು. ಇಳಿಯುತ್ತಿದ್ದದ್ದು ಮತ್ತೆ ಏರಿದರೆ, ಜ್ವರ, ಹೊಟ್ಟೆಯುಬ್ಬರ ಅಥವಾ ಹೊಸದಾಗಿ ಹೆಚ್ಚಿದ ನೋವು ಅದರ ಜೊತೆಗೂಡಿದರೆ, ಅದು ಹಳೆಯ ಗಾಯದ ಲೆಕ್ಕಕ್ಕೆ ಸೇರಿದ್ದಲ್ಲ. ಅದೇ ದಿನ ಶಸ್ತ್ರವೈದ್ಯರಿಗೆ ತೋರಿಸಬೇಕು.